ನಮ್ಮ ವಾರ್ಡಿನ ಟೀಸಿ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಆರು ದಿನ ತಡವಾಗಿ, ಮುಂಬಯಿ ಪಕ್ಕದ ಠಾಣೆ ರೈಲ್ವೆ ಸ್ಟೇಷನ್ನಿನ ಸೇತುವೆಯ ಮೇಲೆ. ನಾನು ಡ್ಯೂಟಿ ಮುಗಿಸಿ ಕಲ್ಯಾಣದ ಮನೆಗೆ ಹೊರಟಿದ್ದೆ. ಎದುರಿನಿಂದ ಬಂದ ಹಳೆಯ ಸಹೋದ್ಯೋಗಿಯೊಬ್ಬಳು ಆ ನೂಕುನುಗ್ಗಲಿನಲ್ಲೇ ನನ್ನ ತೋಳು ಹಿಡಿದು ಪಕ್ಕಕ್ಕೆಳೆದು, "ನಮ್ಮ ಟೀಸಿ ಹೋಗಿಬಿಟ್ರು, ಗೊತ್ತಾಯ್ತಾ?" ಎಂದಳು. ಮಿದುಳಿನಲ್ಲಿ ರಕ್ತಸ್ರಾವವಾಗಿ ಎರಡೇ ದಿನದಲ್ಲಿ ಎಲ್ಲ ಮುಗಿಯಿತಂತೆ. ಅಷ್ಟು ಹೇಳಿ ಅವಳು ತನ್ನ ಗಾಡಿ ಹಿಡಿಯಲು ಓಡಿದಳು. ನಾನು ಸೇತುವೆಯ ಕಂಬಿ ಹಿಡಿದು ನಿಂತೆ. ಕೆಳಗೆ ಮೂರು ಕಲ್ಯಾಣ ಲೋಕಲ್‌ಗಳು ಬಂದು ಹೋದವು. ಆರು ವರ್ಷಗಳಿಂದ ಅವರಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ನನ್ನಲ್ಲೇ ಉಳಿದುಹೋಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಸಿಸ್ಟರ್, ಬೆನ್ನ ಹಿಂದೆ ಟೀಸಿ. ಲೋಕಲ್ ಗಾಡಿಯಲ್ಲಿ ಟೀಸಿ ಹತ್ತಿದರೆ ಟಿಕೀಟು ಇದ್ದವರೂ ಒಮ್ಮೆ ಪರ್ಸು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಅವರು ಐಸಿಯುಗೆ ಕಾಲಿಟ್ಟರೆ ನಮ್ಮ ಪಾಡು ಹಾಗೆಯೇ ಆಗುತ್ತಿತ್ತು. "ಟೀಸಿ ಆಲೀ" ಎಂದು ಆಯಾ ಕೆಲಸದ ಮಾವಶಿ ಮರಾಠಿಯಲ್ಲಿ ಪಿಸುಗುಟ್ಟಿದರೆ ಸಾಕು, ಎಲ್ಲರ ಕೈಗಳೂ ತೊಳೆಯುವ ಬೇಸಿನ್ನಿನ ಕಡೆ ಹೋಗುತ್ತಿದ್ದವು.

ಠಾಣೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ಹೊಣೆ ಅವರದಾಗಿತ್ತು. ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ರೋಗಿಯ ಕೈಯಲ್ಲಿರುವ ಸಲೈನ್ ಸೂಜಿ, ಕುತ್ತಿಗೆಯಲ್ಲಿರುವ ನಳಿಕೆ ಎಲ್ಲವನ್ನೂ ನೋಡುತ್ತಿದ್ದರು. ಕುತ್ತಿಗೆಯ ನಳಿಕೆಗೆ ನಾವು ಸೆಂಟ್ರಲ್ ಲೈನ್ ಎನ್ನುತ್ತೇವೆ. ಅದರ ತುದಿ ಹೃದಯದ ಬಾಗಿಲ ತನಕ ಹೋಗಿರುತ್ತದೆ. ಔಷಧಿ ಹೋಗುವ ದಾರಿಯಲ್ಲೇ ಕ್ರಿಮಿಯೂ ನೇರ ರಕ್ತಕ್ಕೆ ಹೋಗಬಹುದು. ಪ್ರತಿ ನಳಿಕೆಯ ಮುಂದೆ ನಿಂತು ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಇದು ಇವತ್ತು ಯಾಕೆ ಬೇಕು?"

ಹೊಸಬಳಾದ ನಾನು ಒಮ್ಮೆ, "ಡಾಕ್ಟ್ರು ಹಾಕ್ಯಾರ್ರೀ" ಎಂದೆ. ನಾನು ರಾಣೆಬೆನ್ನೂರು ಕಡೆಯವಳು, ಅವರು ಕಾರ್ಕಳದ ಹತ್ತಿರದವರು.

"ಹಾಕಿದ್ದು ಸೋಮವಾರ. ಸೋಮವಾರ ಬೇಕಿತ್ತು. ಇವತ್ತು ಎಂತಕ್ಕೆ ಬೇಕು ಅಂತ ಕೇಳಿದ್ದು ನಾನು. ಚರ್ಮ ಅಂದ್ರೆ ದೇವರು ಕಟ್ಟಿದ ಗೋಡೆ ಮಾರಾಯ್ತಿ. ನಾವು ಅದಕ್ಕೆ ತೂತು ಮಾಡಿದ್ದೇವೆ. ತೂತು ಮಾಡಿದವರೇ ಕಾವಲು ಕೂತ್ಕೊಳ್ಬೇಕು."

ಗಿಡ್ಡ ಆಳು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಕೈಗಳಲ್ಲಿ ಬಳೆಯಿಲ್ಲ, ಉಂಗುರವಿಲ್ಲ, ವಾಚು ಎದೆಯ ಮೇಲೆ ಪಿನ್ನಿಗೆ. ಸತತ ತೊಳೆದು ತೊಳೆದು ಬೆರಳುಗಳ ಚರ್ಮ ಒಡೆದುಹೋಗಿತ್ತು. ಔಷಧಿ ಕೊಡುವ ಮೊದಲು ನಳಿಕೆಯ ಬಾಯಿಯನ್ನು ಸ್ಪಿರಿಟ್ಟಿನ ತುಂಡಿನಿಂದ ಹದಿನೈದು ಎಣಿಸುವಷ್ಟು ಹೊತ್ತು ಉಜ್ಜಬೇಕು. ಅವರು ಎಣಿಸುತ್ತಿದ್ದದ್ದು ತುಳುವಿನಲ್ಲಿ: ಒಂಜಿ, ರಡ್ಡ್, ಮೂಜಿ. ಇಂಗ್ಲಿಷಿನಲ್ಲಾದರೆ ನಾವೆಲ್ಲ ಓಡಿಸಿಬಿಡುತ್ತೇವೆ, ಗೊತ್ತಿಲ್ಲದ ಭಾಷೆಯಲ್ಲಿ ಓಡಿಸಲು ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಹೀಗಾಗಿ ಕೇರಳದ, ಕೊಂಕಣದ, ನಾಗಪುರದ ಹುಡುಗಿಯರೆಲ್ಲ ತುಳುವಿನಲ್ಲಿ ಹದಿನೈದರವರೆಗೆ ಕಲಿತರು. ಹದಿನಾರು ಯಾರಿಗೂ ಬರುತ್ತಿರಲಿಲ್ಲ.

ಅವರ ನಾಲಿಗೆ ಚುರುಕು. ಕೆಲಸ ತಪ್ಪಿದರೆ ರೋಗಿಯ ಮನೆಯವರ ಮುಂದೆಯೇ ಹೇಳಿಬಿಡುತ್ತಿದ್ದರು. ನಾನೊಮ್ಮೆ ಬಾತ್‌ರೂಮಿನಲ್ಲಿ ನಿಂತು ಅತ್ತದ್ದೂ ಉಂಟು. ಆದರೆ ಮದುವೆಯಾಗಿ ಎರಡು ವಾರಕ್ಕೆ ಕೈತುಂಬ ಹಸಿರು ಬಳೆ ಹಾಕಿಕೊಂಡು ಡ್ಯೂಟಿಗೆ ಬಂದ ದಿನ ಅವರು ಬೈಯಲಿಲ್ಲ. ಬಳೆ ತೆಗೆಯಬೇಕು ಎಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಅತ್ತಿ ಹೇಳ್ಯಾರ್ರೀ ಅಕ್ಕಾರ, ಶ್ರಾವಣ ಮುಗಿಯೋತನಕ ತೆಗಿಬಾರ್ದಂತ."

ಅವರು ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದುಕೊಂಡು ಹೋದರು. ಕೈಗೆ ಸಾಬೂನು ಹಚ್ಚಿ, ಒಂದೂ ಒಡೆಯದಂತೆ ಒಂದೊಂದೇ ಬಳೆ ಇಳಿಸಿ, ತಮ್ಮ ಕರವಸ್ತ್ರದಲ್ಲಿ ಕಟ್ಟಿ ತಮ್ಮ ಕಪಾಟಿನಲ್ಲಿಟ್ಟರು. ಸಂಜೆ ನಾನು ಹೊರಡುವಾಗ ಕೂರಿಸಿಕೊಂಡು ಮತ್ತೆ ತೊಡಿಸಿದರು. ಶ್ರಾವಣ ಮುಗಿಯುವವರೆಗೆ ದಿನವೂ ಹೀಗೆಯೇ ನಡೆಯಿತು. ತವರಿನಿಂದ ಅಷ್ಟು ದೂರ ಬಂದವಳ ಕೈಯನ್ನು ಆ ದಿನಗಳಲ್ಲಿ ಅಷ್ಟು ಹೊತ್ತು ಹಿಡಿದುಕೊಂಡವರು ಅವರೊಬ್ಬರೇ.

ದೊಡ್ಡವರ ಮುಂದೆಯೂ ಅವರು ಬದಲಾಗುತ್ತಿರಲಿಲ್ಲ. ಒಬ್ಬ ಹಿರಿಯ ಸರ್ಜನ್ ಅವಸರದಲ್ಲಿ ಬಂದು, ತಲೆಗೆ ಟೋಪಿಯಿಲ್ಲದೆ, ಮೈಗೆ ಗೌನಿಲ್ಲದೆ, ಬರೀ ಗ್ಲೌಸ್ ಹಾಕಿ ರೋಗಿಯ ಕುತ್ತಿಗೆಗೆ ನಳಿಕೆ ಹಾಕಲು ಹೊರಟರು. ಇವರು ಸೂಜಿಯಿದ್ದ ಟ್ರೇಯನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಸಿಸ್ಟರ್, ಟ್ರೇ," ಎಂದರು ಸರ್ಜನ್.

"ಗೌನ್ ಪಹೆನಿಯೇ ಸರ್. ಮೈ ಪಕಡ್ ಕೇ ಖಡೀ ಹೂಂ."

ಗೌನು ಹಾಕಿಕೊಳ್ಳಿ, ನಾನು ಟ್ರೇ ಹಿಡಿದೇ ನಿಂತಿರುತ್ತೇನೆ ಎಂದು. ಸರ್ಜನ್ ಗೌನು ಹಾಕಿಕೊಂಡರು. ಆಮೇಲೆ ಮೇಲಿನವರಿಗೆ ದೂರನ್ನೂ ಕೊಟ್ಟರು.

ಆಸ್ಪತ್ರೆಯ ಹೊರಗೂ ಅವರ ಕಣ್ಣು ಸುಮ್ಮನಿರುತ್ತಿರಲಿಲ್ಲ. ಒಂದು ಸಂಜೆ ಲೇಡೀಸ್ ಡಬ್ಬಿಯಲ್ಲಿ ನಾವಿಬ್ಬರೂ ಜೊತೆಗಿದ್ದೆವು. ಎದುರು ಸೀಟಿನ ಹೆಂಗಸು ಸೆರಗಿನಡಿ ಕೈ ಮುಚ್ಚಿಕೊಂಡಿದ್ದಳು. ಸೆರಗು ಜಾರಿದಾಗ ಮುಂಗೈಯಲ್ಲಿ ಸಲೈನ್ ಸೂಜಿ, ಸುತ್ತ ಒದ್ದೆಯಾದ ಪಟ್ಟಿ, ಕೆಂಪಗೆ ಬಾತ ಚರ್ಮ ಕಾಣಿಸಿತು. ಐದು ದಿನ ಇಂಜೆಕ್ಷನ್ ಇತ್ತಂತೆ, ಪ್ರತಿ ಸಲ ಚುಚ್ಚುವುದು ಬೇಡವೆಂದು ಡಾಕ್ಟರು ಹಾಗೇ ಬಿಟ್ಟು ಮನೆಗೆ ಕಳಿಸಿದ್ದರಂತೆ. ಅದೇ ಕೈಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು. ಮುಂದಿನ ಸ್ಟೇಷನ್ನಿನಲ್ಲಿ ಸಿಸ್ಟರ್ ಅವಳನ್ನು ಇಳಿಸಿಯೇಬಿಟ್ಟರು. ಸ್ಟೇಷನ್ ಹೊರಗಿನ ದವಾಖಾನೆಯಲ್ಲಿ ಸೂಜಿ ತೆಗೆಸಿ, ಇನ್ನೊಂದು ಕೈಗೆ ಹೊಸದು ಹಾಕಿಸಿ, ಮನೆಯ ತನಕ ಬಿಟ್ಟು ಬಂದರು. ನಾನು ಇಳಿಯಲಿಲ್ಲ. ಮನೆಯಲ್ಲಿ ಅಡಿಗೆಯಾಗಬೇಕಿತ್ತು.

ಇನ್ನು ಆ ಶನಿವಾರದ ವಿಷಯ ಹೇಳಬೇಕು.

ಡೊಂಬಿವಲಿಯ ಶಾಲೆಯೊಂದರ ಗಣಿತದ ಟೀಚರ್, ವಯಸ್ಸು ಮೂವತ್ತನಾಲ್ಕು. ಮೇದೋಜೀರಕ ಗ್ರಂಥಿ ಊದಿಕೊಂಡು, ಬದುಕುವುದೇ ಕಷ್ಟ ಎಂಬ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಗಂಡ ಕುಂದಾಪುರ ಕಡೆಯವರು, ಸ್ಟೇಷನ್ ಹತ್ತಿರ ಇಡ್ಲಿ, ದೋಸೆಯ ಸಣ್ಣ ಹೋಟೆಲು. ಮಗಳು ಆರು ವರ್ಷದವಳು, ಅಮ್ಮ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಎರಡು ವಾರದಲ್ಲಿ ಟೀಚರ್ ಚೇತರಿಸಿಕೊಂಡರು. ಶುಕ್ರವಾರ ಮೊಸರನ್ನ ತಿಂದು, ವಾರ್ಡಿನಲ್ಲಿ ಎರಡು ಸುತ್ತು ನಡೆದರು. ಮಕ್ಕಳ ಪೇಪರು ತರಿಸಿಕೊಡಿ, ಮಲಗಿಕೊಂಡೇ ತಿದ್ದುತ್ತೇನೆ ಎಂದು ನನ್ನನ್ನು ಕಾಡಿದರು.

ಶನಿವಾರ ಮಧ್ಯಾಹ್ನ ಸಿಸ್ಟರ್ ಬೇಗ ಹೊರಡುವವರಿದ್ದರು. ಅವರ ಯಜಮಾನರಿಗೆ ಕಣ್ಣಿನ ಆಪರೇಷನ್ ಇತ್ತು. ಹೊರಡುವ ಮೊದಲು ಟೀಚರ ಹಾಸಿಗೆಯ ಹತ್ತಿರ ನಿಂತು, "ಊಟ ಮಾಡ್ತಾರೆ, ನಡೀತಾರೆ. ಕುತ್ತಿಗೆಯದ್ದು ಇನ್ನು ಬೇಡ. ಡಾಕ್ಟರಿಗೆ ಹೇಳಿ ಇವತ್ತೇ ತೆಗೆಸು. ಒಪ್ಪದಿದ್ರೆ ನಂಗೆ ಫೋನ್ ಮಾಡು" ಎಂದು ನನಗೆ ಹೇಳಿದರು.

ನಾನು ಡ್ಯೂಟಿ ಡಾಕ್ಟರಿಗೆ ಹೇಳಿದೆ. ಹುಡುಗ ಡಾಕ್ಟರು, ಮೂವತ್ತು ಗಂಟೆಯಿಂದ ಮನೆಗೆ ಹೋಗಿರಲಿಲ್ಲ. "ಉನ್ಕೀ ನಸ್ ನಹೀ ಮಿಲ್ತೀ. ರೆಹನೇ ದೋ, ಮಂಡೇ ಕೋ ದೇಖೇಂಗೇ" ಎಂದರು. ಕೈಯಲ್ಲಿ ರಕ್ತನಾಳ ಸಿಗುವುದಿಲ್ಲ, ಸೋಮವಾರ ನೋಡೋಣ ಎಂದು. ನಾನು ಫೋನ್ ಮಾಡಬೇಕಿತ್ತು. ಅಷ್ಟರಲ್ಲಿ ಹೊಸ ರೋಗಿಯೊಬ್ಬರು ಬಂದರು. ಆಮೇಲೆ, ಅವರ ಯಜಮಾನರು ಆಪರೇಷನ್ ಟೇಬಲ್ಲಿನ ಮೇಲಿರುವಾಗ ಹೇಗೆ ಮಾಡುವುದು ಎಂದುಕೊಂಡೆ. ಅದಾದ ಮೇಲೆ ಮರೆತೆ.

ಭಾನುವಾರ ಬೆಳಿಗ್ಗೆ ಟೀಚರ ಮೈ ಒರೆಸಿದ ಮೇಲೆ ನೋಡಿದರೆ ಕುತ್ತಿಗೆಯ ಡ್ರೆಸ್ಸಿಂಗಿನ ಒಂದು ಅಂಚು ಒದ್ದೆಯಾಗಿ ಎದ್ದಿತ್ತು. ಅದನ್ನು ಪೂರ್ತಿ ತೆಗೆದು, ಔಷಧಿಯಿಂದ ಚರ್ಮ ಒರೆಸಿ, ಒಣಗಿದ ಮೇಲೆ ಹೊಸದು ಹಚ್ಚಬೇಕು. ಕಾಲು ಗಂಟೆಯ ಕೆಲಸ. ನಾನು ಐದು ತಿಂಗಳ ಬಸುರಿ, ಬೆಳಗಿನಿಂದ ಎರಡು ಸಲ ವಾಂತಿಯಾಗಿತ್ತು. ಎದ್ದ ಅಂಚಿನ ಮೇಲೆ ಒಂದು ತುಂಡು ಟೇಪು ಅಂಟಿಸಿದೆ. ಟೀಚರ್ ನನಗೆ ಥ್ಯಾಂಕ್ಸ್ ಹೇಳಿದರು.

ಸಂಜೆ ನಾಲ್ಕಕ್ಕೆ ಅವರಿಗೆ ನಡುಕ ಬಂತು. ಮಂಚವೇ ಅಲುಗುವಂಥ ನಡುಕ.

ಸೋಮವಾರ ಬೆಳಿಗ್ಗೆ ಸಿಸ್ಟರ್ ಬಂದಾಗ ನಳಿಕೆ ಇನ್ನೂ ಇತ್ತು. ಅವರೇ ಡಾಕ್ಟರನ್ನು ನಿಲ್ಲಿಸಿಕೊಂಡು ಅದನ್ನು ತೆಗೆಸಿದರು. ಟೇಪಿನ ತುಂಡನ್ನು ನೋಡಿದರು. ನನ್ನ ಕಡೆ ನೋಡಿದರು. "ಯಾರು?" ಎಂದು ಕೇಳಲಿಲ್ಲ. ನನ್ನ ಮುಖದಲ್ಲೇ ಗೊತ್ತಾಗಿರಬೇಕು. ರಕ್ತದ ಪರೀಕ್ಷೆಯಲ್ಲಿ ಬಂದದ್ದು ಯಾವ ಔಷಧಿಗೂ ಸುಲಭವಾಗಿ ಬಗ್ಗದ ಕ್ರಿಮಿ. ಮೂರು ದಿನ ಸಿಸ್ಟರ್ ಮನೆಗೆ ಹೋದದ್ದು ಸ್ನಾನಕ್ಕೆ ಮಾತ್ರ. ಪ್ರಜ್ಞೆಯಿಲ್ಲದ ಟೀಚರ ಕಿವಿಯಲ್ಲಿ, "ನಿಮ್ಮ ಮಗಳು ಕೆಳಗೆ ಬಂದಿದ್ದಾಳೆ, ಇವತ್ತು ಎರಡು ಜಡೆ ಹಾಕಿದ್ದಾಳೆ" ಎಂದು ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಗುರುವಾರ ಮಧ್ಯಾಹ್ನ ಟೀಚರ್ ತೀರಿಕೊಂಡರು.

ದೊಡ್ಡ ಡಾಕ್ಟರು ಗಂಡನಿಗೆ, ರೋಗ ಮತ್ತೆ ಉಲ್ಬಣಿಸಿತು, ದೇಹದಲ್ಲಿ ಸೋಂಕು ಹರಡಿತು ಎಂದು ಹೇಳಿದರು. ಅದು ಸುಳ್ಳಲ್ಲ. ಸೋಂಕು ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಗಂಡ ಕಾರಿಡಾರಿನ ಕುರ್ಚಿಯಲ್ಲಿ ಕೂತು, ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಶುಕ್ರವಾರ ನಡೆದದ್ದಲ್ವಾ ಅವಳು? ನಾನೇ ನೋಡಿದ್ದೆ."

ಸಿಸ್ಟರ್ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಬಾಗಿಲ ಹತ್ತಿರ ಇದ್ದೆ.

"ನಾವು ಕುತ್ತಿಗೆಗೆ ಹಾಕಿದ ನಳಿಕೆಯಿಂದ ಬಂತು," ಎಂದರು. "ಶನಿವಾರವೇ ತೆಗೆಸ್ಬೇಕಿತ್ತು. ಅದನ್ನು ನೋಡ್ಕೊಳ್ಳುವ ಕೆಲಸ ನಂದು. ನಾನು ತೆಗೆಸದೆ ಮನೆಗೆ ಹೋದೆ."

ಅವರಿಗೆ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತರು. ಕೂಗಲಿಲ್ಲ. "ನಿಮ್ಮ ಮನೆಯಲ್ಲೂ ಹೀಗೇ ಆಗ್ಬೇಕು. ನೀವೂ ಇಲ್ಲೇ ಕೂತು ನೋಡ್ಬೇಕು," ಎಂದರು. ಸಿಸ್ಟರ್ ತಲೆ ತಗ್ಗಿಸಿ ಕೇಳಿಸಿಕೊಂಡರು.

ವಾರದ ನಂತರ ಒಳಗಿನ ವಿಚಾರಣೆ ನಡೆಯಿತು. ನನ್ನನ್ನೂ ಕರೆದಿದ್ದರು. ಸಿಸ್ಟರಿನ ದಿನದ ಹಾಳೆಯಲ್ಲಿ ಶನಿವಾರದ ಮುಂದೆ 'ತೆಗೆಯಬೇಕು' ಎಂದು ಅವರದೇ ಅಕ್ಷರದಲ್ಲಿತ್ತು. ಇದನ್ನು ಯಾರಿಗೆ ಹೇಳಿದ್ದಿರಿ ಎಂದು ಕೇಳಿದರು.

"ಸರಿಯಾಗಿ ಹೇಳಿರಲಿಲ್ಲ. ಅವಸರದಲ್ಲಿದ್ದೆ," ಎಂದರು ಅವರು.

ಡ್ರೆಸ್ಸಿಂಗ್ ಯಾಕೆ ಬದಲಾಗಿರಲಿಲ್ಲ ಎಂದು ಕೇಳಿದರು.

"ಭಾನುವಾರ ಯಾರು ನೋಡ್ಬೇಕು ಅಂತ ನಾನು ಗೊತ್ತು ಮಾಡಿರಲಿಲ್ಲ."

ನಾನು ಅಲ್ಲೇ ಇದ್ದೆ, ಅವರಿಂದ ಮೂರು ಕುರ್ಚಿ ದೂರದಲ್ಲಿ. ನನ್ನದು ಕಾಂಟ್ರ್ಯಾಕ್ಟ್ ನೌಕರಿ, ಹೊಟ್ಟೆಯಲ್ಲಿ ಕೂಸು. ಬಾಯಿ ತೆರೆಯಬೇಕು ಎಂದುಕೊಂಡೆ. ತೆರೆಯಲಿಲ್ಲ. ಯಾರೂ ನನ್ನನ್ನು ಮತ್ತೇನೂ ಕೇಳಲಿಲ್ಲ.

ಅವರನ್ನು ಕೆಳಗಿನ ಬೇಸ್‌ಮೆಂಟಿಗೆ, ಬೆಡ್‌ಶೀಟು ಮಡಿಸುವ ವಿಭಾಗಕ್ಕೆ ಹಾಕಿದರು. ಸೋಂಕಿಗಾಗಿ ಅಲ್ಲ, ಹೊರಗಿನವರಿಗೆ ಬಾಯಿಬಿಟ್ಟದ್ದಕ್ಕೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೂರು ತಿಂಗಳು ಲೆಕ್ಕ ತಪ್ಪದೆ ಬೆಡ್‌ಶೀಟು ಮಡಿಸಿ ರಾಜೀನಾಮೆ ಕೊಟ್ಟರು. ಕೊನೆಯ ದಿನ ನಾನು ಹೆರಿಗೆ ರಜೆಯಲ್ಲಿದ್ದೆ. ಇದ್ದಿದ್ದರೂ ಎದುರು ಹೋಗುತ್ತಿದ್ದೆನೆಂದು ಹೇಳಲಾರೆ.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ. ವಾಶಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾರೆಂದು ಕೇಳಿ ರಜೆಯ ದಿನ ಹೋಗಿದ್ದೆ. ಹದಿನೆಂಟು ಹಾಸಿಗೆಯ ಆಸ್ಪತ್ರೆ. ಇಬ್ಬರು ಹೊಸ ಹುಡುಗಿಯರನ್ನು ನಿಲ್ಲಿಸಿಕೊಂಡು ಕೈ ತೊಳೆಯುವುದನ್ನು ತೋರಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದರು, ನನ್ನ ಮಗಳ ಫೋಟೋ ನೋಡಿದರು.

"ಅಕ್ಕಾರ, ಆ ಟೇಪು—" ಎಂದು ಶುರು ಮಾಡಿದೆ.

"ಈಗ ನಿಮ್ಮ ವಾರ್ಡಿನಲ್ಲಿ ದಿನಾ ಯಾರು ನೋಡ್ತಾರೆ?"

"ನಾನ ನೋಡ್ತೀನ್ರಿ."

"ಭಾನುವಾರವೂ?"

"ಭಾನುವಾರನೂ."

"ಮತ್ತೆಂತ ಬೇಕು," ಎಂದು ಮಾತು ಮುಗಿಸಿದರು. ಬಸ್ ಸ್ಟಾಪಿನ ತನಕ ಬಂದು ಬಿಟ್ಟರು. ಮುಂದಿನ ಸಲ ಬಂದಾಗ ಹೇಳಿಯೇ ಹೇಳುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಬರಲೇ ಇಲ್ಲ. ವಾಶಿ ಏನು ದೂರವೇ? ಕಲ್ಯಾಣದಿಂದ ಒಂದು ಗಾಡಿ ಬದಲಿಸಿದರೆ ಆಯಿತು.

ಸುದ್ದಿ ತಿಳಿದ ಮರುದಿನ ವರ್ತಕ ನಗರದ ಅವರ ಮನೆ ಹುಡುಕಿಕೊಂಡು ಹೋದೆ. ಎರಡನೇ ಮಾಳಿಗೆ. ಯಜಮಾನರು ಒಬ್ಬರೇ ಇದ್ದರು. ಮಕ್ಕಳಿಲ್ಲ ಎಂಬುದು ನನಗೆ ಅಂದೇ ಗೊತ್ತಾದದ್ದು. ಅಷ್ಟು ವರ್ಷ ಜೊತೆಗಿದ್ದು ನಾನು ಒಮ್ಮೆಯೂ ಕೇಳಿರಲಿಲ್ಲ. ಹೇಳಬೇಕೆಂದು ಹೋದವಳು ಫೋಟೋಗೆ ಕೈಮುಗಿದು, ನೀರು ಕುಡಿದು ಬಂದೆ.

ಆದರೆ ಆ ವಾರ ನಿದ್ದೆ ಹತ್ತಲಿಲ್ಲ. ಶುಕ್ರವಾರ ಡೊಂಬಿವಲಿಯಲ್ಲಿ ಇಳಿದು ಟೀಚರ ಗಂಡನ ಹೋಟೆಲಿಗೆ ಹೋದೆ. ಅವರು ಗಲ್ಲಾದ ಮುಂದೆ ಕೂತಿದ್ದರು. ಮಧ್ಯಾಹ್ನ ಮೂರರ ಹೊತ್ತು, ಗಿರಾಕಿಗಳಿರಲಿಲ್ಲ. ನಾನು ಯಾರೆಂದು ಹೇಳಿದೆ. ಶನಿವಾರದ ಮಾತು, ಮಾಡದ ಫೋನು, ಟೇಪಿನ ತುಂಡು, ವಿಚಾರಣೆಯಲ್ಲಿ ಸುಮ್ಮನೆ ಕೂತದ್ದು ಎಲ್ಲವನ್ನೂ ನಿಂತುಕೊಂಡೇ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

ಗಲ್ಲಾದ ಮುಚ್ಚಳ ಹಾಕಿ, "ತಪ್ಪು ತನ್ನದೇ ಅಂತ ಆ ಸಿಸ್ಟರ್ ಹೇಳಿದ್ರಲ್ಲ ನಂಗೆ" ಎಂದರು.

"ಹೌದ್ರಿ."

"ಆರು ವರ್ಷ ಅವರಿಗೇ ಶಾಪ ಹಾಕಿದ್ದೆ ನಾನು. ದೇವರ ಮುಂದೆ ನಿಂತು." ಆಮೇಲೆ ಕೇಳಿದರು, "ಅವರು ಈಗ ಎಲ್ಲಿದ್ದಾರೆ?"

ಹೇಳಿದೆ. ತೀರಿಕೊಂಡರು, ಆಸ್ಪತ್ರೆಯಲ್ಲಿದ್ದದ್ದು ಎರಡೇ ದಿನ ಎಂದಾಗ ಅವರು ಗಲ್ಲಾ ಬಿಟ್ಟು ಎದ್ದು ನಿಂತರು. "ಯಜಮಾನ್ರು ಹೊರಗೆ ಕೂತಿದ್ರಾ?" ಎಂದರು. ನಿಮ್ಮ ಶಾಪಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ, ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಭಾನುವಾರ ಅವರೇ ಠಾಣೆಗೆ ಬಂದರು. ಇಬ್ಬರೂ ರಿಕ್ಷಾದಲ್ಲಿ ವರ್ತಕ ನಗರಕ್ಕೆ ಹೋದೆವು. ಯಜಮಾನರು ಬಾಗಿಲು ತೆರೆದರು. ಈ ಸಲ ನಾನು ಕೂರುವ ಮೊದಲೇ ನನ್ನದನ್ನೆಲ್ಲ ಹೇಳಿ ಮುಗಿಸಿದೆ. ಅವರು ದಪ್ಪ ಕನ್ನಡಕದಿಂದ ನನ್ನನ್ನು ನೋಡಿ, "ಆ ಬಸುರಿ ಹುಡುಗಿ ನೀನೇಯಾ? ಹೆಸರು ಹೇಳಿರಲಿಲ್ಲ ಅವಳು. ಪಾಪ, ಬಸುರಿ, ಎರಡು ಸಲ ವಾಂತಿ ಆಗಿತ್ತಂತೆ, ಅಂತ ಮಾತ್ರ ಹೇಳಿದ್ದಳು" ಎಂದರು.

ನಾನು ವಾಂತಿಯ ವಿಷಯ ಸಿಸ್ಟರಿಗೆ ಯಾವತ್ತೂ ಹೇಳಿರಲಿಲ್ಲ. ಮಾವಶಿಯನ್ನು ಕೇಳಿ ತಿಳಿದುಕೊಂಡಿರಬೇಕು.

ಟೀಚರ ಗಂಡ ಇನ್ನೂ ನಿಂತೇ ಇದ್ದರು. "ನಾನು ಅವರಿಗೆ ಒಂದು ಕೆಟ್ಟ ಮಾತು ಹೇಳಿದ್ದೆ. ಆಡಬಾರದ ಮಾತು," ಎಂದರು.

"ಗೊತ್ತುಂಟು. ಅವತ್ತೇ ಬಂದು ಹೇಳಿದ್ದಳು."

"ಅವರು ತಿರುಗಿ ಒಂದು ಮಾತು ಹೇಳಿದ್ದಿದ್ರೆ ನನಗೆ..."

"ನಾನೂ ಕೇಳಿದೆ ಅವಳಲ್ಲಿ, ನೀನು ಯಾಕೆ ಸುಮ್ಮನಿದ್ದಿ ಅಂತ. ಆ ಮನುಷ್ಯನಿಗೆ ಬೈಲಿಕ್ಕೆ ಯಾರಾದ್ರೂ ಬೇಕಲ್ಲ, ಇಲ್ಲದಿದ್ರೆ ತನ್ನನ್ನೇ ಬೈಕೊಳ್ತಾನೆ, ಅವನಿಗೆ ಮಗಳಿದ್ದಾಳೆ, ಅಂತ ಹೇಳಿದಳು."

ಯಜಮಾನರು ಮೊಣಕಾಲು ಹಿಡಿದುಕೊಂಡು ಏಳಲು ನೋಡಿದರು. "ಕೂತ್ಕೊಳ್ಳಿ, ಚಹಾ ಇಡ್ತೇನೆ."

"ನೀವು ಕೂತ್ಕೊಳ್ಳಿ. ನನ್ನ ಕೆಲಸವೇ ಅದು," ಎಂದು ಟೀಚರ ಗಂಡ ಅಡಿಗೆಮನೆಗೆ ಹೋದರು. ಪಾತ್ರೆ ಇಟ್ಟ ಸದ್ದಾಯಿತು, ನಲ್ಲಿ ಬಿಟ್ಟ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಎದ್ದು ಬಾಗಿಲ ತನಕ ಹೋದೆ. ಅವರು ಗ್ಯಾಸ್ ಹಚ್ಚಿರಲಿಲ್ಲ. ಕಟ್ಟೆಯ ಮೇಲೆ ಎರಡೂ ಕೈ ಊರಿ, ತಲೆ ಬಗ್ಗಿಸಿ ನಿಂತಿದ್ದರು. ಹೆಗಲು ಅಲುಗುತ್ತಿತ್ತು.

ಒಳಗೆ ಹೋಗಲೆಂದು ಕಾಲೆತ್ತಿದೆ. ಹಿಂದಿನಿಂದ ಯಜಮಾನರು ಮೆಲ್ಲಗೆ ಹೇಳಿದರು:

"ಬಿಡು ಮಗಾ. ಸ್ವಲ್ಪ ಹೊತ್ತು ಅಲ್ಲೇ ಇರಲಿ."